ಅಗ್ಗದ ದೋಣಿ ಬೇಡ

ವಿಹಾರವೇನೂ ಧನಿಕರ ಗುತ್ತಿಗೆಯಲ್ಲ. ಮಾರತ್ತಹಳ್ಳಿಯ ದುಡಿಮೆಗಾರರೂ ರಜೆ ಕೂಡಿಸಿ, ಚಂದಾ ಎತ್ತಿ, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ನಾರ್ಕೆಲ್ ಹಾಕಿ ಹವಳ, ಮೀನು ನೋಡಲಿ. ಹೊನ್ನಾವರದ ಶರಾವತಿಯಲ್ಲಿ ಹುಟ್ಟು ಹಾಕಲಿ. ಆದರೆ ಕಡಲಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು.

ಆದುದರಿಂದ ಹಣ ಕೊಡುವ ಮುನ್ನ ಕೇಳೋಣ: ಪರವಾನಗಿ ಇದೆಯೇ? ತಲೆಗೊಂದು ಲೈಫ್ ಜಾಕೆಟ್ ಉಂಟೇ? ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ? ಮಳೆಗಾಲದಲ್ಲೂ ಕರೆದೊಯ್ಯುವೆನೆಂಬವನನ್ನು ನಂಬುವುದು ಬೇಡ.

ದೋಣಿ ನಡೆಸುವವನೂ ಕೂಲಿಕಾರನೇ. ಮಿತಿಮೀರಿ ಜನ ತುಂಬಿಸುವುದು ಮಾಲೀಕನ ಲಾಭದಾಸೆ. ದರವನ್ನೂ ಜನಸಂಖ್ಯೆಯ ಮಿತಿಯನ್ನೂ ಸರ್ಕಾರವು ದೋಣಿ ಹತ್ತುವಲ್ಲೇ ಬರೆದು ಹಾಕಲಿ. ಅಲ್ಲಿಯವರೆಗೆ ನಾಲ್ಕು ಕಾಸಿನಾಸೆಗೆ ನಮ್ಮ ಮಕ್ಕಳ ಜೀವವನ್ನು ಪಣಕ್ಕಿಡುವುದು ಬೇಡ.