ಹಕ್ಕುಪತ್ರವೂ ಪರಸ್ಪರ ಜಾಮೀನೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಮೊದಲು ಆಡಿದವನಿಗೆ ನಿವೇಶನವೊಂದು ಇದ್ದಿರಬೇಕು. ಇಲ್ಲದವನ ಕಷ್ಟ ಕಟ್ಟುವುದಕ್ಕೆ ಮುಂಚೆಯೇ ಮೊದಲಾಗುತ್ತದೆ.

ಕೇರಳದ ಗಡಿಗೆ ಹೊಂದಿಕೊಂಡಿರುವ ಸುಳ್ಯ ತಾಲೂಕಿನ ಮಂಡೆಕೋಲಿನಂಥ ಗ್ರಾಮವನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ವಿಚಾರಿಸಬಹುದು. ಅಡಕೆ, ರಬ್ಬರ್ ತೋಟಗಳ ಈ ಸೀಮೆಯಲ್ಲಿ ಕೂಲಿಯ ಸಂಪಾದನೆ ದಿನದ್ದು, ಹೆಚ್ಚೆಂದರೆ ವಾರದ್ದು. ಮಳೆ ಹಿಡಿದರೆ ಅದೂ ಕುಂಠಿತ. ಬ್ಯಾಂಕಿನ ಗೃಹಸಾಲವಾದರೋ ತಪ್ಪದ ತಿಂಗಳ ಕಂತನ್ನೂ ಅಡಮಾನಕ್ಕೆ ಭೂಮಿಯ ಪತ್ರವನ್ನೂ ಅಪೇಕ್ಷಿಸುತ್ತದೆ. ಎರಡೂ ಇಲ್ಲದವರೇ ಮನೆಯಿಲ್ಲದವರೆಂಬುದು ಇಲ್ಲಿನ ವಿಪರ್ಯಾಸ.

ದಕ್ಷಿಣ ಕನ್ನಡದ ಭೂಮಿಯ ಚರಿತ್ರೆ ಈ ತೊಡಕನ್ನು ಹೆಚ್ಚಿಸಿದೆ. ವರ್ಗ ಜಮೀನಿನ ಸುತ್ತ ನೂರು ಗಜದವರೆಗಿನ ಸರಕಾರಿ ಭೂಮಿಯಿಂದ ಸೊಪ್ಪು ಸೌದೆ ಪಡೆಯುವ ಕುಮ್ಕಿ ಸೌಲಭ್ಯ ಹಿಡುವಳಿದಾರನಿಗೆ ಉಂಟು. ಆದರೆ ಸರಕಾರಿ ಭೂಮಿಯಲ್ಲಿ ಗುಡಿಸಲು ಕಟ್ಟಿ ದಶಕಗಳನ್ನು ಕಳೆದ ಕೂಲಿಯವನು ಕಾನೂನಿನ ದೃಷ್ಟಿಗೆ ಒತ್ತುವರಿದಾರ. ಭೂಕಂದಾಯ ಕಾಯಿದೆಗೆ ಸೇರಿದ 94ಸಿ ಕಲಮು ಅಂಥವರಿಗೆ ಹಕ್ಕುಪತ್ರದ ದಾರಿಯನ್ನು ತೆರೆಯಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಫಲವಾಗಿ ಲಂಕೆಯಿಂದ ಬಂದು, ಸುಳ್ಯ ಪುತ್ತೂರುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲಸಿದ ತಮಿಳು ಕುಟುಂಬಗಳ ಸ್ಥಿತಿ ಇನ್ನೊಂದು ಬಗೆಯದು. ಅವರಿಗೆ ವಸತಿ ದೊರೆತುದು ಉದ್ಯೋಗದ ಅಂಗವಾಗಿ. ಉದ್ಯೋಗ ಮುಗಿದೊಡನೆ ಸೂರಿನ ಪ್ರಶ್ನೆ ಮತ್ತೆ ಏಳುತ್ತದೆ.

ಸರಕಾರದ ನೆರವು ಇಲ್ಲವೆಂದಲ್ಲ. 2016ರಲ್ಲಿ ಆರಂಭವಾದ ಗ್ರಾಮೀಣ ಆವಾಸ್ ಯೋಜನೆ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ ಗೊತ್ತುಮಾಡಿತು. ಆದರೆ ಹಣ ಕಂತುಕಂತಾಗಿ, ಕೆಲಸ ಸಾಗಿದಂತೆ ಬರುವುದು. ಮುರಕಲ್ಲು ಮೊದಲು ಅಂಗಳಕ್ಕೆ ಬಂದು ಬೀಳಬೇಕು. ಗೋಡೆ ಮುಂಗಾರಿಗೆ ಮುನ್ನ ಮೇಲೇಳಬೇಕು. ಕಂತು ಬರುವ ತನಕ ಕೈಸಾಲ ಕೊಡುವವರಾರು? ಬಡ್ಡಿಯವನು ಬಾಗಿಲಿಗೆ ಬರುವುದು ಈ ನಡುವಣ ಬಿಡುವಿನಲ್ಲಿ.

ಇದಕ್ಕೆ ಉತ್ತರ ನಮ್ಮ ನೆಲಕ್ಕೆ ಹೊಸತಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. 1914ರಲ್ಲಿ ಪುತ್ತೂರಿನಲ್ಲಿಯೇ ಮೊಳಹಳ್ಳಿ ಶಿವರಾಯರು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ಅಡಿಗಲ್ಲಾದರು. ಒಬ್ಬನಿಗೆ ನೆರೆಯವನ ನಂಬಿಕೆಯೇ ಆಸ್ತಿಯೆಂಬುದು ಆ ಚಳವಳಿಯ ಮೂಲತತ್ತ್ವ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿದಾಗ ಆ ತತ್ತ್ವವೇ ಮಹಿಳೆಯರ ವಾರದ ಉಳಿತಾಯದ ಪುಸ್ತಕದಲ್ಲಿ ಮರುಹುಟ್ಟು ಪಡೆಯಿತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1984ರಿಂದ ಅಡಮಾನವಿಲ್ಲದೆ ಮನೆಸಾಲ ಕೊಟ್ಟಿತು. ಆದರೆ ಒಂದು ನಿಬಂಧನೆಯಿತ್ತು: ಮನೆಯ ನೆಲ ಹೆಣ್ಣಿನ ಹೆಸರಿನಲ್ಲಿರಬೇಕು. ನಂಬಿಕೆಯ ಸಾಲವೂ ಪತ್ರವನ್ನು ಮರೆಯಲಿಲ್ಲವೆಂಬುದು ಗಮನಾರ್ಹ.

ಗುಂಪಿನ ಸಾಲವನ್ನು ಹೊಗಳುವಾಗ ಅದರ ಮುಳ್ಳನ್ನು ಮರೆಯಬಾರದು. ಆಟಿಯ ಮಳೆಯಲ್ಲಿ ಕೂಲಿ ತಪ್ಪಿದ ವಾರವೂ ಕಂತು ತಪ್ಪುವಂತಿಲ್ಲ. ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ಪರಸ್ಪರ ಜಾಮೀನು ಪರಸ್ಪರ ಸಂಕೋಚವಾಗಿ, ಒಂದು ಸಾಲವನ್ನು ತೀರಿಸಲು ಇನ್ನೊಂದು ಸಾಲವೆಂಬ ಸುಳಿಯಾಗಿ ಪರಿಣಮಿಸಬಹುದು.

ಆದುದರಿಂದ ಕೆಲಸದ ಕ್ರಮವೇ ಮುಖ್ಯ. ಹಕ್ಕುಪತ್ರ ಮೊದಲು, ಅದನ್ನು ಕೊಡಬೇಕಾದುದು ಸರಕಾರ, ಯಾವ ಗುಂಪೂ ಕೊಡಲಾರದು. ಆಮೇಲೆ ಸಾಲ, ಅದು ತಳಪಾಯಕ್ಕೊಂದು, ಗೋಡೆಗೊಂದು, ಮಾಡಿಗೊಂದು ಎಂಬಂತೆ ಸಣ್ಣದಾಗಿ ಬರಲಿ. ಅಡಕೆ ಬೆಳೆಗಾರನಿಗೆ ಸಾಲ ಕೊಡುವ ಸಹಕಾರಿ ಸಂಘ ಬೆಳೆಯ ಕಾಲವನ್ನು ನೋಡಿ ಮರುಪಾವತಿಯ ಗಡುವನ್ನು ಗೊತ್ತುಮಾಡುತ್ತದೆ. ಆ ಅಡಕೆಯನ್ನು ಸುಲಿಯುವವಳ ಮನೆಸಾಲಕ್ಕೂ ಮಳೆಗಾಲದ ವಿರಾಮವನ್ನಿತ್ತರೆ, ಅದು ದಯೆಯಲ್ಲ, ಅದೇ ಲೆಕ್ಕಾಚಾರ.