ಓಟಕ್ಕೆ ಎಂಥ ವಾಚು ಬೇಕು?

ಯುನಾನಿಯ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂಬ ಆರು ಅಗತ್ಯಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ನಾನು ಮದ್ದಿನ ಜೊತೆ ನಡಿಗೆ, ಓಟವನ್ನೂ ಹೇಳುತ್ತೇನೆ. ಒಬ್ಬರು ಅದಕ್ಕೆಂದೇ ದುಬಾರಿ ಸ್ಮಾರ್ಟ್ ವಾಚು ಕೊಂಡರು. ಎರಡೇ ತಿಂಗಳಲ್ಲಿ ವಾಚು ಕೆಟ್ಟಿತು, ಓಟವೂ ನಿಂತಿತು.

ನನ್ನ ಅಭಿಪ್ರಾಯದಲ್ಲಿ ಸ್ಟಾಪ್‌ವಾಚ್, ದೊಡ್ಡ ಅಂಕಿ, ಗಟ್ಟಿ ಪಟ್ಟಿ ಇದ್ದರೆ ಸಾಕು. ‘30 ಮೀಟರ್’ ಎಂದು ಬರೆದಿದ್ದರೆ ಅಷ್ಟು ಆಳಕ್ಕೆ ಇಳಿಯಬಹುದೆಂದಲ್ಲ. ಬೆವರು, ನೀರಿನ ಹನಿ ತಡೆಯುತ್ತದೆ ಎಂದಷ್ಟೆ. 100 ಮೀಟರಿನದನ್ನು ಆರಿಸಿ. ಕ್ಯಾಸಿಯೊ ಡಬ್ಲ್ಯೂ-800ಎಚ್ ಅಂಥದು. ಅದರ ಸೆಲ್ ಸುಮಾರು 10 ವರ್ಷ ಬರುತ್ತದೆ. ನಾಡಿ ನೋಡಲು ಬೆರಳೇ ಸಾಕು: 15 ಸೆಕೆಂಡಿನ ಬಡಿತ ಎಣಿಸಿ 4ರಿಂದ ಗುಣಿಸಿ.

ಬಿಗಿ ಪಟ್ಟಿಯಡಿ ಬೆವರು ನಿಂತರೆ ತುರಿಕೆ, ಗುಳ್ಳೆ ಏಳುತ್ತವೆ. ಓಡಿ ಬಂದೊಡನೆ ವಾಚು ಬಿಚ್ಚಿ ಮಣಿಕಟ್ಟು, ಪಟ್ಟಿ ಎರಡನ್ನೂ ತೊಳೆದು ಒರೆಸಿ. ವುಝೂವಿನಲ್ಲೂ ಪಟ್ಟಿಯಡಿಗೆ ನೀರು ತಲುಪಬೇಕಲ್ಲವೇ?

ಉಳಿದ ಹಣದಲ್ಲಿ ಪಾದಕ್ಕೆ ಸರಿಹೊಂದುವ ಬೂಟು ಕೊಳ್ಳಿ. ಸಕ್ಕರೆ ಕಾಯಿಲೆಯವರು ಮೊದಲು ಕಾಪಾಡಿಕೊಳ್ಳಬೇಕಾದುದು ಪಾದವನ್ನು.