ನಟ್ ತಿರುವಿದ್ರ ಬ್ರೇಕ್ ರಿಪೇರಿ ಆಗಂಗಿಲ್ರಿ

ಹಿಂದಿನ ಬ್ರೇಕ್ ಹಿಡೀವಲ್ದು ಅಂದ್ರ ನಮ್ಮ ಕಡೆ ಗಂಡಸರಿಗೆ ಗೊತ್ತಿರೋ ಔಷಧ ಒಂದೇ. ಪಾನಾ ತಗೋ, ರಾಡಿನ ತುದಿಗಿರೋ ನಟ್ ನಾಕು ಸುತ್ತು ತಿರುವು, ಕಾಲಿಂದ ಒಮ್ಮೆ ಒತ್ತಿ ನೋಡು, "ಹಾಂ, ಈಗ ಛಲೋ ಆತು" ಅನ್ನು. ಹೊಟ್ಟಿನೋವು, ತಲಿನೋವು, ಜ್ವರ ಎಲ್ಲಾದಕ್ಕೂ ಒಂದೇ ಗುಳಗಿ ಕೊಟ್ಟಂಗ. ಗ್ಯಾರೇಜಿಗೆ ಹೋದ್ರೂ ಬಹಳ ಕಡೆ ಇದೇ ಹಾಡು. ಈ ಚಟ ಬಿಡ್ರಿ ಅಂತ ಹೇಳ್ಲಿಕ್ಕೇ ನಾ ಇವತ್ತು ಬರೀಲಿಕ್ಕೆ ಕೂತೀನಿ.

"ಗಾಡಿ ಉಸಾಬರಿ ನಿಮಗ್ಯಾಕ್ರಿ ವೈನಿ, ಹೊಡಿಯೋರು ಅವರು" ಅನ್ನೋರಿಗೆ ಮೊದಲೇ ಹೇಳ್ತೀನಿ. ಹೊಡಿಯೋರು ಅವರು ಖರೇ, ಹಿಂದ ಕೂಡೋರು ನಾವು. ಒಂದು ಕೈಯಾಗ ಕಾಯಿಪಲ್ಯಾದ ಚೀಲ, ಇನ್ನೊಂದು ಕೈ ಸೀಟಿನ ಹಿಂದಿನ ಕಬ್ಬಿಣಕ್ಕ. ಧಾರವಾಡದಾಗ ಏರು ಇಳುಕಲು ಇಲ್ಲದ ದಾರಿ ಎಲ್ಲದ? ಅದರ ಮ್ಯಾಲೆ ನಮ್ಮೂರ ಜಿಟಿಜಿಟಿ ಮಳಿ. ಗಾಡಿ ನಿಲ್ಲಲಿಲ್ಲ ಅಂದ್ರ ಎಲುಬು ನಮ್ಮದೂ ಮುರೀತದ. ಅಂದಮ್ಯಾಲೆ ಕೇಳೋ ಹಕ್ಕೂ ನಮಗದ.

"ನಿಲ್ಲಿಸೋದು ಮುಂದಿನ ಬ್ರೇಕು, ಹಿಂದಿಂದು ಹೆಸರಿಗಷ್ಟ" ಅನ್ನೋ ಶಾಣ್ಯಾರೂ ಇದ್ದಾರ. ಬ್ರೇಕ್ ಒತ್ತಿದಾಗ ಭಾರ ಮುಂದ ಜಗ್ತದ, ಮುಂದಿನ ಬ್ರೇಕಿಗೆ ಬಲ ಜಾಸ್ತಿ, ಅದು ಸುಳ್ಳಲ್ಲ. ಆದ್ರ ಹಿಂದ ಒಬ್ಬರು ಕೂತು, ಮ್ಯಾಲೊಂದು ಅಕ್ಕಿ ಚೀಲ ಇಟ್ಟಾಗ ಹಿಂದಿನ ಗಾಲಿ ಮ್ಯಾಲೂ ಭಾರ ಬೀಳ್ತದ, ಆವಾಗ ಅದರ ಕೆಲಸ ದೊಡ್ಡದು. 125 ಸಿಸಿ ತನಕದ ಹೊಸಾ ಗಾಡಿಗೆ ಒಂದು ಬ್ರೇಕ್ ಒತ್ತಿದ್ರ ಎರಡೂ ಗಾಲಿ ಹಿಡಿಯೋ ವ್ಯವಸ್ಥಾ, ಇಲ್ಲಾ ಎಬಿಎಸ್, 2019ರ ಏಪ್ರಿಲ್‌ದಿಂದ ಕಡ್ಡಾಯ ಆಗೇದ. ನಮ್ಮ ಮನ್ಯಾಗಿನ ಹೀರೋ ಹೋಂಡಾ ಸ್ಪ್ಲೆಂಡರ್ ಅದಕ್ಕಿಂತ ಹಳೇದು. ಕಾಲಿಂದ ಒತ್ತಿದ್ರ ಹಿಂದಿನ ಗಾಲಿ ಒಂದೇ ಹಿಡೀಬೇಕು.

ಈಗ ಒಳಗೇನದ ನೋಡ್ರಿ. ಗಾಲಿ ನಡುವ ಕಬ್ಬಿಣದ ಡ್ರಮ್. ಅದರೊಳಗ ಎರಡು ಕರಚಿಕಾಯಿ ಬೆನ್ನು ಹೊರಗ ಮಾಡಿ ಇಟ್ಟಂಗ ಎರಡು ಬ್ರೇಕ್ ಶೂ. ಕಾಲಿಂದ ಒತ್ತಿದ್ರ ರಾಡ್ ಜಗ್ತದ, ಹೊರಗಿನ ಆರ್ಮ್ ತಿರುಗ್ತದ, ಅದರ ಜೋಡಿ ಒಳಗಿನ ಕ್ಯಾಮ್ ತಿರುಗಿ ಶೂಗಳನ್ನ ಅಗಲ ಮಾಡ್ತದ, ಅವು ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸ್ತಾವ. ಶೂ ಸವದಂಗ ಸವದಂಗ ನಡುವಿನ ಸಂದು ಹೆಚ್ಚಾಗ್ತದ. ಆ ಸಂದು ಕಡಿಮಿ ಮಾಡ್ಲಿಕ್ಕೆ ನಟ್ ಅದ. ಅದರ ಕೆಲಸ ಅಷ್ಟೇ. ಪೆಡಲ್ ಒತ್ತಿದಾಗ ಎರಡು-ಮೂರು ಸೆಂಟಿಮೀಟರ್ ಖಾಲಿ ಹೋಗಿ ಆಮ್ಯಾಲೆ ಹಿಡೀಬೇಕು.

ಹಿಡಿಯದೇ ಇರ್ಲಿಕ್ಕೆ ಕಾರಣ ಒಂದಲ್ಲ. ಶೂ ಪೂರಾ ಸವದಿರಬಹುದು. ಸುಟ್ಟು ಗಾಜಿನಂಗ ನುಣ್ಣಗಾಗಿರಬಹುದು. ಗ್ರೀಸ್ ತಾಗಿರಬಹುದು. ಕ್ಯಾಮ್ ಒಣಗಿ ಬಿಗಿಯಾಗಿರಬಹುದು. ಡ್ರಮ್ಮೇ ಸವದಿರಬಹುದು. ಇವು ಯಾವೂ ನಟ್ಟಿಂದ ಹೋಗಂಗಿಲ್ಲ. ಗ್ರೀಸ್ ತಾಗಿದ ಬ್ರೇಕಿಗೆ ನಟ್ ಬಿಗಿ ಮಾಡೋದಂದ್ರ, ಎಣ್ಣಿ ಕೈಲೆ ಗುಂಡಗಿ ಹಿಡದು "ಇನ್ನೂ ಗಟ್ಟಿ ಹಿಡಿ" ಅಂದಂಗ. ಅತೀ ಬಿಗಿ ಮಾಡಿದ್ರ ಶೂ ಸದಾ ಉಜ್ತಾವ, ಡ್ರಮ್ ಕಾಯ್ತದ, ಶೂ ಮತ್ತಿಷ್ಟು ಸುಡ್ತಾವ, ಪೆಟ್ರೋಲೂ ಹೆಚ್ಚು ತಿಂತದ. ರೋಗಕ್ಕ ಕೊಟ್ಟ ಔಷಧಾನೇ ರೋಗ ಆತು.

ಶೂ ಮುಗದದ್ದು ತಿಳೀಲಿಕ್ಕೆ ಗಾಲಿ ಬಿಚ್ಚೋದೂ ಬ್ಯಾಡ. ಬಹಳ ಗಾಡಿಯೊಳಗ ಆರ್ಮಿನ ಬುಡಕ್ಕ ಬಾಣದ ಗುರ್ತು ಇರ್ತದ, ಪಕ್ಕದ ಪ್ಲೇಟಿನ ಮ್ಯಾಲೆ ಇನ್ನೊಂದು ಗುರ್ತು. ಪೂರಾ ಬ್ರೇಕ್ ಒತ್ತಿದಾಗ ಎರಡೂ ಕೂಡಿದ್ರ ಶೂ ಮುಗದಂಗ. ಓದು ಬಾರದವರಿಗೂ ತಿಳೀಲಿ ಅಂತ ಕಂಪನಿಯವರು ಕೊಟ್ಟದ್ದು. ನೋಡೋರು ಎಷ್ಟು ಮಂದಿ?

ಇನ್ನೊಂದು ಮಾತು. ಚೈನ್ ಬಿಗಿ ಮಾಡಿದಾಗ ಗಾಲಿ ಹಿಂದ ಸರೀತದ, ರಾಡ್ ತಾನೇ ಜಗ್ತದ, ಬ್ರೇಕ್ ಬಿಗಿ ಆಗ್ತದ. ಚೈನ್ ಮುಟ್ಟಿದ್ರ ಬ್ರೇಕೂ ನೋಡ್ಲೇಬೇಕು. ಗ್ಯಾರೇಜಿನವರು ಚೈನಿನ ರೊಕ್ಕ ಇಸ್ಕೊಂಡು ಕಳಿಸಿಬಿಡ್ತಾರ.

ಹೋದ ಶ್ರಾವಣದಾಗ ಒಂದು ಗ್ಯಾರೇಜಿನಿಂದ ಗಾಡಿ ಬಂತು. ಬ್ರೇಕ್ ಪ್ಲೇಟನ್ನ ಹಿಡದಿಡೋ ಪಟ್ಟಿ ಇರ್ತದಲ್ಲ, ಟಾರ್ಕ್ ಆರ್ಮ್ ಅಂತಾರ, ಅದರ ನಟ್ಟಿಗೆ ಹಾಕೋ ಸಣ್ಣ ಪಿನ್ ಇರಲೇ ಇಲ್ಲ. ಆ ನಟ್ ಉಚ್ಚಿ ಬಿದ್ರ, ಬ್ರೇಕ್ ಒತ್ತಿದ ಕೂಡ್ಲೇ ಪ್ಲೇಟೇ ಗಾಲಿ ಜೋಡಿ ತಿರುಗ್ತದ, ರಾಡ್ ಮುರೀತದ, ಗಾಲಿ ಜಾಮ್ ಆಗಬಹುದು. ತೋರಿಸಿ ಕೇಳಿದ್ರ "ಏನೂ ಆಗಂಗಿಲ್ಲ ಬಿಡ್ರಿ ಅಮ್ಮಾರ" ಅಂದ ಹುಡುಗ. ಆಗಂಗಿಲ್ಲ ಅಂದ್ರ ಕಂಪನಿಯವರು ಆ ಪಿನ್ ಶೃಂಗಾರಕ್ಕ ಹಾಕ್ಯಾರೇನು? ಪಿನ್ ಹಾಕಿಸ್ಕೊಂಡೇ ಬಂದ್ವಿ.

ಅದಕ್ಕ ಕೇಳ್ರಿ, ನಾಚಬ್ಯಾಡ್ರಿ. "ಗಾಲಿ ಬಿಚ್ಚಿ ಶೂ ತೋರಿಸಪಾ. ಧೂಳು ಊದಬ್ಯಾಡ, ಹಸಿ ಅರಿವಿಲೆ ಒರಸು" ಅನ್ರಿ. ಹಳೇ ಶೂದಾಗ ಆಸ್ಬೆಸ್ಟಾಸ್ ಇರ್ತಿತ್ತು, ಆ ಧೂಳು ಪುಪ್ಪಸಕ್ಕ ವಿಷ, ಆ ಹುಡುಗನ ಪುಪ್ಪಸಕ್ಕೂ. ಕ್ಯಾಮಿಗೆ ಚೂರೇ ಚೂರು ಗ್ರೀಸ್, ಶೂಗೆ ತಾಗಬಾರದು. ಗಾಲಿ ಕೂಡಿಸುವಾಗ ಬ್ರೇಕ್ ಒತ್ತಿ ಹಿಡದು ಆಕ್ಸಲ್ ನಟ್ ಬಿಗಿ ಮಾಡಿದ್ರ ಶೂ ನಟ್ಟನಡುವ ಕೂಡ್ತಾವ. ಕಡೀಕ ಗಾಲಿ ಎತ್ತಿ ತಿರುವಿ ನೋಡ್ರಿ, ಸರಾಗ ತಿರುಗಬೇಕು. ಪೆಡಲ್ ಒತ್ತಿದ್ರ ಹಿಂದಿನ ಕೆಂಪು ದೀಪ ಹತ್ತಬೇಕು.

ಹೊಸಾ ಶೂ ಜೋಡಿಗೆ ಆಗೋ ಖರ್ಚು, ಮನಿಮಂದಿ ಒಂದು ಹೊತ್ತು ಖಾನಾವಳ್ಯಾಗ ಉಂಡಷ್ಟೂ ಇಲ್ಲ. "ಮುಂದಿನ ತಿಂಗಳ ನೋಡೋಣ" ಅನ್ನೋ ಯಜಮಾನ್ರಿಗೆ ನನ್ನ ಮಾತು ಇಷ್ಟೇ: ಹಂಗಾರ ಮುಂದಿನ ತಿಂಗಳ ತನಕ ಹಿಂದಿನ ಸೀಟು ಖಾಲಿ. ಸಂತಿಗೆ ನಾವು ಬಸ್ಸಿನ್ಯಾಗ ಹೋಗ್ತೀವಿ, ಚೀಲ ನೀವು ತರ್ರಿ.